ತುಂಬುನಾದದ ಬೆಲೆ

ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ ಒಂದು ಸ್ಟೀರಿಯೋ ಇದೆ. ಹೈಸ್ಕೂಲು ಮೇಷ್ಟರಾಗಿದ್ದ ನಮ್ಮ ತಂದೆಯವರು 1998ರಲ್ಲಿ, ನಿವೃತ್ತರಾದ ವರ್ಷ, ತಮಗಾಗಿ ಎಂದು ಕೊಂಡುಕೊಂಡ ಒಂದೇ ಒಂದು ವಸ್ತು ಅದು. ಅದರ ಕ್ಯಾಸೆಟ್ಟಿನ ಭಾಗ ಕೆಟ್ಟು ಎಷ್ಟೋ ಕಾಲವಾಯಿತು. ಈಗ ನನ್ನ ಮಗಳ ಹಳೆಯ ಫೋನಿನಿಂದ ಅದಕ್ಕೊಂದು ತಂತಿ ಎಳೆದಿದ್ದೇವೆ. ಆಂಪ್ಲಿಫೈಯರೂ ಎರಡು ಸ್ಪೀಕರುಗಳೂ ಇನ್ನೂ ಜೀವಂತವಾಗಿವೆ. ಜೀವಂತವಾಗಿವೆ ಎಂದೆನೇ ಹೊರತು ಆರೋಗ್ಯವಾಗಿವೆ ಎನ್ನಲಿಲ್ಲ. ಹಾಡು ಕೇಳಿಸುತ್ತಿತ್ತು, ಹಾಡು ನಿಲ್ಲಬೇಕಾದ ನೆಲ ಕೇಳಿಸುತ್ತಿರಲಿಲ್ಲ. ತಂಬೂರಿಯ ಖರ್ಜದ ತಂತಿ ಇಲ್ಲ, ಮೃದಂಗದ ಎಡಮುಖದ ಗುಂಕಾರವಿಲ್ಲ. ಬಲಮುಖದ ಪೆಟ್ಟು ಮಾತ್ರ ಬಿಸ್ಕತ್ತಿನ ಡಬ್ಬದ ಮೇಲೆ ಬೆರಳಾಡಿಸಿದಂತೆ ಬರುತ್ತಿತ್ತು.

ತಂದೆಯವರ ದೂರೇ ಬೇರೆ. "ಧ್ವನಿ ಬರತ್ತೆ ಕಣೋ, ಸಾಹಿತ್ಯ ಬರಲ್ಲ. ದೇವರನಾಮ ಅಂದ ಮೇಲೆ ಮಾತು ಕೇಳಿಸಬೇಡವೇ?" ಎಂದು ಗುಂಡಿಯನ್ನು ಬಲಕ್ಕೆ ತಿರುಗಿಸುವರು. ಒಂದು ಹಂತ ದಾಟಿತೋ ಇಲ್ಲವೋ ಅವರೇ ಮುಖ ಸಿಂಡರಿಸಿ, "ಕಿವಿ ಒಡೆದುಹೋಗತ್ತೆ" ಎಂದು ಎಡಕ್ಕೆ ತಿರುಗಿಸುವರು. ನನ್ನಾಕೆ ಒಮ್ಮೆ, "ತಪ್ಪು ಸ್ಪೀಕರಿನದಲ್ಲ ಕಾಣತ್ತೆ ರೀ, ನಾನು ಊಟಕ್ಕೆ ಕರೆದರೂ ಮಾವನವರು ಎರಡನೆಯ ಸಲಕ್ಕೇ ತಿರುಗೋದು" ಎಂದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಯಲ್ಲಿ ಕಿವಿ ಮಂದವಾಗಿದ್ದುದು ಒಬ್ಬರಿಗೇ ಅಲ್ಲ ಎಂದು ಈಗ ತೋರುತ್ತದೆ.

ಉತ್ತರಪತ್ರಿಕೆಗಳ ಮೌಲ್ಯಮಾಪನದಿಂದ ಬಂದ ಹಣದಲ್ಲಿ 20,000 ರೂಪಾಯಿಗಳನ್ನು ಎತ್ತಿಟ್ಟುಕೊಂಡು ಒಂದು ದೊಡ್ಡ ಅಂಗಡಿಗೆ ಹೋದೆ. ಅಲ್ಲಿನ ತರುಣ ಬಹಳ ವಿನಯವಂತ. "ಸಾರ್, ನೀವು ಹೇಳೋ ತುಂಬು ಸೌಂಡು ಬೇಕು ಅಂದರೆ ಎರಡು ಲಕ್ಷದಿಂದ ಶುರು" ಎಂದು, ನನ್ನ ಮುಖ ನೋಡಿ, ಕುಡಿಯಲು ನೀರು ತಂದುಕೊಟ್ಟ. ನಾನು ನೀರು ಕುಡಿದು ಮನೆಗೆ ಬಂದೆ. ನಾದ ತುಂಬಿ ಬರುವುದಕ್ಕೆ ಇಷ್ಟು ಬೆಲೆ ಏಕೆ? ಈ ಬೆಲೆಯನ್ನು ಕಟ್ಟಿದವರು ಯಾರು? ಹಣವಿಲ್ಲದ ಮೇಷ್ಟರಿಗೆ ಉಳಿಯುವುದು ಓದು ಒಂದೇ. ಹೀಗೆ ಓದತೊಡಗಿದಾಗ ಕಂಡ ಚರಿತ್ರೆಯಲ್ಲಿ ನನ್ನಂಥವನಿಗೆ ಸಮಾಧಾನ ಕೊಡುವ ಒಂದು ಸಂಗತಿಯಿದೆ. ಅದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಮಾತನ್ನು ಕಹಳೆಯಿಂದಲೇ ಆರಂಭಿಸಬೇಕು. 1877ರಲ್ಲಿ ಎಡಿಸನ್ನರು ಧ್ವನಿಯನ್ನು ಹಿಡಿದಿಟ್ಟರು. ಹತ್ತು ವರ್ಷಗಳ ಮೇಲೆ ಬರ್ಲಿನರ್ ಅವರು ಅದನ್ನು ಚಪ್ಪಟೆಯಾದ ತಟ್ಟೆಯ ಮೇಲೆ ಬರೆಯುವ ಗ್ರಾಮೋಫೋನನ್ನು ತಂದರು. 1902ರಲ್ಲಿ ಲಂಡನ್ನಿನ ಗ್ರಾಮೋಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ತಮ್ಮ ಕೊನೆಯ ದಿನಗಳಲ್ಲಿ ಮೈಸೂರಿನ ಆಸ್ಥಾನವನ್ನು ಆಶ್ರಯಿಸಿ, 1930ರಲ್ಲಿ ಈ ಊರಿನಲ್ಲಿಯೇ ಕಣ್ಣುಮುಚ್ಚಿದ ಮಹಾಗಾಯಕಿ ಅವರು. ಆ ಕಾಲದಲ್ಲಿ ಮುದ್ರಣಕ್ಕೆ ವಿದ್ಯುತ್ತಿನ ಸಹಾಯವಿರಲಿಲ್ಲ. ಹಾಡುವವರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ಅವರ ಉಸಿರಿನ ಬಲವೇ ಸೂಜಿಯನ್ನು ನಡುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ಮನೆಯಲ್ಲಿ ಕೇಳುವಾಗಲೂ ಅಷ್ಟೇ. ಸೂಜಿಯ ನಡುಕವನ್ನು ಹಿಗ್ಗಿಸುವುದು ಇನ್ನೊಂದು ಕಹಳೆ.

ಈ ಕಹಳೆಯ ದಾರಿ ಬಹಳ ಕಿರಿದು. ಸೆಕೆಂಡಿಗೆ ಸುಮಾರು 200 ಕಂಪನಗಳಿಗಿಂತ ಕೆಳಗಿನದೂ 2,000ಕ್ಕೆ ಬಹಳ ಮೇಲಿನದೂ ಅದರಲ್ಲಿ ಚೆನ್ನಾಗಿ ಹಾಯುತ್ತಿರಲಿಲ್ಲ. ಇತ್ತ ನಮ್ಮ ಸಂಗೀತದ ಲೆಕ್ಕ ನೋಡಿ. ಒಂದೂವರೆ ಮನೆ ಶ್ರುತಿಯಲ್ಲಿ ಹಾಡುವ ಪುರುಷ ಗಾಯಕರ ಮಧ್ಯ ಷಡ್ಜಕ್ಕೆ ಸೆಕೆಂಡಿಗೆ ಸುಮಾರು 138 ಕಂಪನಗಳು. ತಂಬೂರಿಯ ಖರ್ಜದ ತಂತಿಗೆ ಅದರ ಅರ್ಧ, ಎಂದರೆ 69. ಕಹಳೆಯ ಕಾಲದ ತಟ್ಟೆಯಲ್ಲಿ ಆ 69ಕ್ಕೆ ಜಾಗವೇ ಇಲ್ಲ. ಆದರೂ ಜನ ಮೈಮರೆತು ಕೇಳಿದರಲ್ಲ, ಹೇಗೆ? ಇಲ್ಲಿ ಕಿವಿಯ ಔದಾರ್ಯವನ್ನು ನೆನೆಯಬೇಕು. ಒಂದು ತಂತಿ ಮಿಡಿದಾಗ 69 ಮಾತ್ರ ಹುಟ್ಟುವುದಿಲ್ಲ. 138, 207, 276 ಎಂದು ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಜೊತೆಯಲ್ಲಿ ಹುಟ್ಟುತ್ತವೆ. ತಾಯಿ ಬಾರದೆ ಮಕ್ಕಳಷ್ಟೇ ಬಂದರೂ ನಮ್ಮ ಕಿವಿ ಮಕ್ಕಳ ಮುಖ ನೋಡಿ ತಾಯಿಯನ್ನು ಊಹಿಸಿಕೊಳ್ಳುತ್ತದೆ. ಡಬ್ಬದಂಥ ಸ್ಪೀಕರಿನಲ್ಲೂ ರಾಗದ ಆಧಾರಶ್ರುತಿ ತಪ್ಪದಿರುವುದು ಇದರಿಂದ. ಆದರೆ ಊಹೆಯ ನಾದ ಎದೆಗೆ ತಟ್ಟುವುದಿಲ್ಲ. ಅದು ಬುದ್ಧಿಗೆ ತಿಳಿಯುತ್ತದೆ, ಮೈಗೆ ತಿಳಿಯುವುದಿಲ್ಲ.

1925ರಲ್ಲಿ ಎರಡು ಮಹತ್ತರ ಸಂಗತಿಗಳು ಒಟ್ಟಿಗೆ ನಡೆದುವು. ಮೈಕ್ರೋಫೋನಿನ ಮೂಲಕ ವಿದ್ಯುತ್ತಿನಿಂದ ಮುದ್ರಿಸಿದ ತಟ್ಟೆಗಳು ಮಾರುಕಟ್ಟೆಗೆ ಬಂದುವು. ಅದೇ ವರ್ಷ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು ಹೊಸ ಬಗೆಯ ಧ್ವನಿವರ್ಧಕವನ್ನು ವಿವರಿಸಿದರು. ಕಾಗದದ ಶಂಕು, ಅದರ ಬುಡದಲ್ಲಿ ತಂತಿಯ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ವಿದ್ಯುತ್ತು ಸುರುಳಿಯಲ್ಲಿ ಹರಿದಂತೆ ಶಂಕು ಹಿಂದಕ್ಕೂ ಮುಂದಕ್ಕೂ ಅಲುಗಿ ಗಾಳಿಯನ್ನು ತಳ್ಳುತ್ತದೆ. ನೂರು ವರ್ಷಗಳು ಕಳೆದಿವೆ. ಇಂದಿಗೂ ನಮ್ಮ ಮನೆಗಳಲ್ಲಿರುವ ಬಹುಪಾಲು ಸ್ಪೀಕರುಗಳ ಅಂತರಂಗ ಇದೇ.

ಹೊಸ ಶಂಕು ಖರ್ಜವನ್ನು ಹೊರಡಿಸಬಲ್ಲುದಾಗಿತ್ತು. ಆದರೆ ಅದಕ್ಕೆ ಎರಡು ತೊಡಕುಗಳು. ಮೊದಲನೆಯದು: ಶಂಕು ಮುಂದೆ ಚಲಿಸಿದಾಗ ಮುಂದಿನ ಗಾಳಿ ಒತ್ತುತ್ತದೆ, ಹಿಂದಿನ ಗಾಳಿ ಸಡಿಲುತ್ತದೆ. ಮಂದ್ರನಾದದ ಅಲೆ ಬಹಳ ಉದ್ದವಾದುದರಿಂದ ಹಿಂದಿನದು ಸುಲಭವಾಗಿ ಸುತ್ತಿಬಂದು ಮುಂದಿನದನ್ನು ಅಳಿಸಿಹಾಕುತ್ತದೆ. ಒಬ್ಬ ಕೊಟ್ಟದ್ದನ್ನು ಇನ್ನೊಬ್ಬ ಕಿತ್ತುಕೊಂಡಂತೆ. ಇದನ್ನು ತಡೆಯಲು ಶಂಕುವಿನ ಬೆನ್ನಿಗೆ ಪೆಟ್ಟಿಗೆ ಬೇಕು. ಎರಡನೆಯದು: ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅದೇ ಬಲದ ನಾದಕ್ಕೆ ಅದೇ ಶಂಕು ನಾಲ್ಕರಷ್ಟು ದೂರ ಚಲಿಸಬೇಕು. ಅಷ್ಟು ದೂರ ಚಲಿಸದಿದ್ದರೆ ಶಂಕುವೇ ದೊಡ್ಡದಾಗಬೇಕು. ಶಂಕು ದೊಡ್ಡದಾದರೆ ಪೆಟ್ಟಿಗೆಯೂ ದೊಡ್ಡದಾಗಬೇಕು. ಹೀಗೆ ಖರ್ಜವೆಂಬುದು ಗಾತ್ರದ ಪ್ರಶ್ನೆಯಾಯಿತು. ಗಾತ್ರ ಹಣದ ಪ್ರಶ್ನೆಯಾಯಿತು. ಬಟ್ಟೆಯ ಬೀರುವಿನಷ್ಟು ದೊಡ್ಡ ಪೆಟ್ಟಿಗೆಗಳು ಹುಟ್ಟಿಕೊಂಡುವು. ಅಮೆರಿಕದ ಹೋಪ್ ಎಂಬ ಸಣ್ಣ ಊರಿನಲ್ಲಿ 1946ರಲ್ಲಿ ಉದ್ಯಮ ಆರಂಭಿಸಿದ ಪಾಲ್ ಕ್ಲಿಪ್ಷ್ ಎಂಬವರು ಮಾತ್ರ ಒಂದು ಜಾಣತನ ಮಾಡಿದರು. ಕಹಳೆಯನ್ನು ಪೆಟ್ಟಿಗೆಯೊಳಗೆ ಮಡಿಸಿ, ಅದನ್ನು ಕೋಣೆಯ ಮೂಲೆಗೆ ನಿಲ್ಲಿಸಿ, ಎರಡು ಗೋಡೆಗಳನ್ನೂ ನೆಲವನ್ನೂ ಕಹಳೆಯ ಮುಂದುವರಿದ ಭಾಗವಾಗಿ ದುಡಿಸಿಕೊಂಡರು. ಆದರೂ ಆ ಪೆಟ್ಟಿಗೆ ನಾಲ್ಕು ಅಡಿಗಿಂತ ಎತ್ತರವೇ ಇತ್ತು.

ಈ ಕಾಲದ ಒಂದು ನೋಟ ನಮ್ಮ ಊರಿಗೇ ಸಂಬಂಧಿಸಿದ್ದು. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿದ್ದಂತೆಯೇ ಪಾಶ್ಚಾತ್ಯ ಸಂಗೀತದ ಆಳವಾದ ರಸಿಕರೂ ಆಗಿದ್ದರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಅವರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು. ಈ ಸಂಬಂಧವಾಗಿ ಲಂಡನ್ನಿನ ಖ್ಯಾತ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಿದ್ದರು. ಮೂವತ್ತು ತುಂಬದ ಅರಸರ ಅರಮನೆಯೊಂದರಲ್ಲಿ ಕಂಡ ಅಪಾರವಾದ ರೆಕಾರ್ಡುಗಳ ಭಂಡಾರವನ್ನೂ ಬಗೆಬಗೆಯ ಧ್ವನಿವರ್ಧಕಗಳನ್ನೂ ದೊಡ್ಡ ಪಿಯಾನೋಗಳನ್ನೂ ಅವರು ಬೆರಗಿನಿಂದ ನೆನೆದಿದ್ದಾರೆ. ನಾದವನ್ನು ತುಂಬಿಸಿಕೊಳ್ಳಲು ಅಂದು ಬೇಕಾಗಿದ್ದುದು ಅಂಥ ಮನೆ, ಅಂಥ ಬೊಕ್ಕಸ. ಅದೇ ಊರಿನ ಗುಮಾಸ್ತರ, ಉಪಾಧ್ಯಾಯರ ಮನೆಗಳಲ್ಲಿ ಇದ್ದರೆ ಒಂದು ರೇಡಿಯೋ, ಅದರೊಳಗೆ ಅಂಗೈ ಅಗಲದ ಒಂದು ಶಂಕು.

ಈ ಅಂತರವನ್ನು ಕಡಿಮೆ ಮಾಡಿದವನು ಅರಸನಲ್ಲ, ಕೈಗಾರಿಕೋದ್ಯಮಿಯಲ್ಲ, ಒಬ್ಬ ಮೇಷ್ಟರು. ಎಡ್ಗರ್ ವಿಲ್ಚರ್ ಅಮೆರಿಕದಲ್ಲಿ 1917ರಲ್ಲಿ ಹುಟ್ಟಿದವರು. ಅವರು ಎಂ.ಎ. ಮಾಡಿದ್ದು ಕಲೆಯ ಚರಿತ್ರೆಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿ ಎಲೆಕ್ಟ್ರಾನಿಕ್ಸ್ ಕಲಿತರು. ಆಮೇಲೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿಯ ಪುನರುತ್ಪಾದನೆಯನ್ನು ಕುರಿತು ಪಾಠ ಹೇಳುತ್ತಿದ್ದರು. ಅವರ ಗಮನ ಹೋದದ್ದು ಎಲ್ಲರೂ ಕಂಡೂ ಕಾಣದಿದ್ದ ಒಂದು ಭಾಗದ ಕಡೆಗೆ. ಶಂಕು ಹಿಂದೆ ಮುಂದೆ ಚಲಿಸಿದ ಮೇಲೆ ಅದನ್ನು ನಡುವಿಗೆ ಎಳೆದು ತರುವುದು ಅದರ ಅಂಚಿನ ಬಿಗಿ. ಈ ಬಿಗಿ ಸಮನಾದ ಸ್ಪ್ರಿಂಗಿನಂತೆ ವರ್ತಿಸುವುದಿಲ್ಲ. ಸ್ವಲ್ಪ ದೂರ ಸಲೀಸಾಗಿ ಬಿಟ್ಟು ಆಮೇಲೆ ಥಟ್ಟನೆ ಹಿಡಿದು ಜಗ್ಗುತ್ತದೆ. ಖರ್ಜ ಕೆಡುವುದು ಅಲ್ಲಿ. ಈ ಸ್ಪ್ರಿಂಗನ್ನೇ ತೆಗೆದುಹಾಕಿದರೆ? ಸೈಕಲ್ಲಿನ ಪಂಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿ ಹಿಡಿಯನ್ನು ಅದುಮಿ ನೋಡಿದವರಿಗೆಲ್ಲ ಗೊತ್ತು: ಮುಚ್ಚಿದ ಗಾಳಿಯೇ ಒಂದು ಸ್ಪ್ರಿಂಗು, ಲೋಹದ ಸ್ಪ್ರಿಂಗಿಗಿಂತ ಹದವಾದ ಸ್ಪ್ರಿಂಗು. ಶಂಕುವಿನ ಅಂಚನ್ನು ಸಡಿಲವಾಗಿ ಬಿಟ್ಟು, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿಬಿಟ್ಟರೆ ಒಳಗಿನ ಗಾಳಿಯೇ ಶಂಕುವನ್ನು ನಡುವಿಗೆ ತರುವ ಕೆಲಸ ಮಾಡುತ್ತದೆ. ಇದರಲ್ಲೊಂದು ಸೋಜಿಗವಿದೆ. ಗಾಳಿ ತಕ್ಕಷ್ಟು ಗಡುಸಾದ ಸ್ಪ್ರಿಂಗಾಗಬೇಕಾದರೆ ಪೆಟ್ಟಿಗೆ ಚಿಕ್ಕದಾಗಿಯೇ ಇರಬೇಕು! ಯಾವುದು ಕೊರತೆಯಾಗಿತ್ತೋ ಅದೇ ಅಗತ್ಯವಾಯಿತು.

ಮೊದಲ ಮಾದರಿಗೆ ಸಡಿಲವಾದ ಅಂಚನ್ನು ಮಾಡಲು ಅವರ ಪತ್ನಿ ರೋಸ್‌ಮೇರಿ ಹಾಸಿಗೆಯ ಬಟ್ಟೆಯನ್ನು ಕತ್ತರಿಸಿ ಹೊಲಿದುಕೊಟ್ಟರಂತೆ. ವಿಲ್ಚರ್ ತಮ್ಮ ಕಲ್ಪನೆಯನ್ನು ಹೆಸರಾಂತ ತಯಾರಕರಿಗೆ ಮಾರಲು ಹೋದಾಗ ಯಾರೂ ಕೊಳ್ಳಲಿಲ್ಲ. ಕೊನೆಗೆ ತಮ್ಮ ತರಗತಿಗೆ ಬರುತ್ತಿದ್ದ ಹೆನ್ರಿ ಕ್ಲಾಸ್ ಎಂಬ ತರುಣನ ಜೊತೆ ಸೇರಿ 1954ರಲ್ಲಿ ಕೇಂಬ್ರಿಜ್ ನಗರದಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ತೆರೆದರು. ಆ ವರ್ಷದ ನ್ಯೂಯಾರ್ಕ್ ಪ್ರದರ್ಶನದಲ್ಲಿ ಅವರ ಮೊದಲ ಸ್ಪೀಕರು ಹಾಡಿತು. ಎರಡು ಅಡಿ ಉದ್ದದ ಪೆಟ್ಟಿಗೆ. ಅದರಿಂದ ಬೀರುವಿನಷ್ಟು ದೊಡ್ಡ ಪೆಟ್ಟಿಗೆಗಳೂ ನಾಚುವಂಥ ಖರ್ಜ. ಮುಂದೆ ಅವರು ಒಂದು ಸಾಹಸವನ್ನೂ ಮಾಡಿದರು. ಸಭೆಯ ಮುಂದೆ ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ವಾದ್ಯಗಾರರ ಮೇಳ ನುಡಿಸುತ್ತ ಇರುವಾಗಲೇ ನಡುನಡುವೆ ಕಮಾನನ್ನು ಆಡಿಸುವ ನಟನೆ ಮಾತ್ರ ಮಾಡುತ್ತಿತ್ತು. ಆಗ ನುಡಿಯುತ್ತಿದ್ದುದು ಸ್ಪೀಕರು. ಯಾವುದು ಎಲ್ಲಿ ಬದಲಾಯಿತೆಂದು ಹೇಳುವುದು ಕೇಳುಗರಿಗೆ ಕಷ್ಟವಾಗುತ್ತಿತ್ತು. 1958ರಲ್ಲಿ ಬಂದ ಅವರ ಮೂರನೆಯ ಮಾದರಿ ಇಂದು ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹದಲ್ಲಿದೆ.

ಪುಕ್ಕಟೆಯಾಗಿ ಯಾವುದೂ ಬರುವುದಿಲ್ಲ. ಚಿಕ್ಕ ಪೆಟ್ಟಿಗೆ ಹೆಚ್ಚು ವಿದ್ಯುತ್ತನ್ನು ಕೇಳಿತು. ಕ್ಲಾಸ್ ಅವರ ಜೊತೆಗಾರ ಆಂಟನ್ ಹಾಫ್‌ಮನ್ ಇದನ್ನು ಒಂದು ನಿಯಮವನ್ನಾಗಿಯೇ ಹೇಳಿದರು: ಆಳವಾದ ಖರ್ಜ, ಚಿಕ್ಕ ಪೆಟ್ಟಿಗೆ, ಸ್ವಲ್ಪ ವಿದ್ಯುತ್ತಿನಲ್ಲೇ ದೊಡ್ಡ ಧ್ವನಿ—ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಈ ಹಾಫ್‌ಮನ್ ಪ್ರಸಿದ್ಧ ಪಿಯಾನೋ ವಾದಕ ಯೋಸೆಫ್ ಹಾಫ್‌ಮನ್ನರ ಮಗ. ತಂದೆ ಹುಡುಗನಾಗಿದ್ದಾಗಲೇ ಎಡಿಸನ್ನರ ಮೇಣದ ಉರುಳೆಗೆ ನುಡಿಸಿದ್ದವರು. ತಂದೆಯ ನಾದ ಯಾವ ಇಕ್ಕಟ್ಟಿಗೆ ಸಿಕ್ಕಿತ್ತೋ ಅದರ ನಿಯಮವನ್ನು ಮಗ ಬರೆದ. ಅದೃಷ್ಟವಶಾತ್ ಆ ದಶಕದಿಂದಾಚೆಗೆ ಟ್ರಾನ್ಸಿಸ್ಟರು ಬಂದು ವಿದ್ಯುತ್ತಿನ ಬಲ ಅಗ್ಗವಾಯಿತು. ಮೂರರಲ್ಲಿ ಯಾವುದನ್ನು ಬಿಡಬೇಕೆಂಬುದು ಜನಕ್ಕೆ ಸುಲಭವಾಯಿತು.

ಸ್ಟೀರಿಯೋ ನಮ್ಮ ಮನೆಗಳಿಗೆ ಬರಲು ಕೂಡ ಈ ಚಿಕ್ಕ ಪೆಟ್ಟಿಗೆ ನೆರವಾಯಿತು. ಎರಡು ಕಿವಿಗೆ ಎರಡು ದಾರಿಯ ನಾದವನ್ನು ಕೊಡುವ ಕ್ರಮಕ್ಕೆ ಇಂಗ್ಲೆಂಡಿನ ಅಲನ್ ಬ್ಲೂಮ್ಲೀನ್ 1931ರಲ್ಲಿಯೇ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಒಂದೇ ಗಾಡಿಯ ಇಕ್ಕೆಲದ ಗೋಡೆಗಳಲ್ಲಿ ಎರಡು ದಾರಿಗಳನ್ನು ಕೊರೆಯುವ ವಿದ್ಯೆಯೂ ಅದರಲ್ಲಿತ್ತು. ಯುದ್ಧಕಾಲದಲ್ಲಿ, 1942ರಲ್ಲಿ, ರೇಡಾರ್ ಪರೀಕ್ಷೆಗೆ ಹೋದ ವಿಮಾನ ಬಿದ್ದು ಅವರು ತೀರಿಕೊಂಡರು. ಆಗ ಅವರಿಗೆ ಮೂವತ್ತೆಂಟು. ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದದ್ದು 1958ರ ಹೊತ್ತಿಗೆ. ಬೀರುವಿನಂಥ ಪೆಟ್ಟಿಗೆಯೊಂದನ್ನು ಹೇಗೋ ಸಹಿಸಿಕೊಂಡಿದ್ದ ಗೃಹಿಣಿಯರು ಎರಡನೆಯದಕ್ಕೆ ಬಾಗಿಲು ತೆರೆಯುತ್ತಿದ್ದರೇ? ಪುಸ್ತಕದ ಕಪಾಟಿನಲ್ಲಿ ಕೂರುವ ಜೋಡಿಗೆ ತೆರೆದರು.

ಇಷ್ಟು ಓದಿದ ಮೇಲೆ ನಮ್ಮ ಹಜಾರವನ್ನು ಹೊಸ ಕಣ್ಣಿನಿಂದ ನೋಡಿದೆ. ನಮ್ಮ ಎರಡು ಸ್ಪೀಕರುಗಳು ಷೋಕೇಸಿನ ತುದಿಯಲ್ಲಿ, ನೆಲಕ್ಕೂ ಮೂಲೆಗೂ ದೂರವಾಗಿ, ಬೊಂಬೆಗಳಂತೆ ಕುಳಿತಿದ್ದುವು. ಹಿಂಬದಿಗೆ ಕೈಹಾಕಿ ನೋಡಿದರೆ ಒಂದಕ್ಕೆ ಕೆಂಪು ತಂತಿ ಕೆಂಪಿಗೆ, ಇನ್ನೊಂದಕ್ಕೆ ಕೆಂಪು ತಂತಿ ಕಪ್ಪಿಗೆ! ಎಂದೋ ಸುಣ್ಣ ಬಣ್ಣ ಮಾಡಿಸಿದಾಗ ಮತ್ತೆ ಸಿಕ್ಕಿಸಿದವನು ನಾನೇ. ಒಂದು ಶಂಕು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗುತ್ತ, ಎಷ್ಟೋ ವರ್ಷ ಒಂದರ ಖರ್ಜವನ್ನು ಇನ್ನೊಂದು ಅಳಿಸುತ್ತ ಬಂದಿತ್ತು. ತಂತಿ ಬದಲಿಸಿದೆ. ಎರಡನ್ನೂ ಇಳಿಸಿ ಗೋಡೆಯ ಹತ್ತಿರ ಗಟ್ಟಿಯಾದ ಮಣೆಗಳ ಮೇಲಿಟ್ಟೆ. ಖರ್ಚು ಸೊನ್ನೆ, ಮೃದಂಗಕ್ಕೆ ಅರ್ಧ ಜೀವ ಬಂದಿತು.

ಹೆಚ್ಚು ವಾಟಿನ ಆಂಪ್ಲಿಫೈಯರು ಕೊಳ್ಳುವ ಆಸೆಯನ್ನು ಬಿಟ್ಟೆ. 50 ವಾಟನ್ನು 100 ಮಾಡಿದರೆ ಕಿವಿಗೆ ಕಾಣುವ ವ್ಯತ್ಯಾಸ ಅಲ್ಪ. ಧ್ವನಿ ಎರಡರಷ್ಟಾಯಿತು ಎನ್ನಿಸಬೇಕಾದರೆ ಸುಮಾರು ಹತ್ತರಷ್ಟು ವಾಟು ಬೇಕು. ಅದರ ಬದಲು ಖರ್ಜಕ್ಕೆಂದೇ ಇರುವ ಒಂದು ಮುಚ್ಚಿದ ಪೆಟ್ಟಿಗೆಯನ್ನು, ತನ್ನದೇ ಆಂಪ್ಲಿಫೈಯರು ಒಳಗಿರುವುದನ್ನು, ರಿಪೇರಿಯವರೊಬ್ಬರಿಂದ 5,500 ರೂಪಾಯಿಗೆ ತಂದೆ. ಹಳೆಯದು, ಆದರೆ ಶಂಕುವಿನ ಅಂಚು ಹರಿದಿರಲಿಲ್ಲ; ಕೊಳ್ಳುವವರು ಮೊದಲು ನೋಡಬೇಕಾದದ್ದು ಅದನ್ನೇ. ಸೆಕೆಂಡಿಗೆ 80 ಕಂಪನಗಳ ಕೆಳಗಿನ ನಾದ ಎಲ್ಲಿಂದ ಬರುತ್ತದೆಂದು ಕಿವಿ ಗುರುತಿಸಲಾರದು. ಆದುದರಿಂದ ಎರಡು ದಾರಿಯ ಸ್ಟೀರಿಯೋಗೂ ಇಂಥ ಪೆಟ್ಟಿಗೆ ಒಂದೇ ಸಾಕು.

ಅದನ್ನು ಎಲ್ಲಿಡಬೇಕು? 50 ಕಂಪನದ ಅಲೆ ಇಪ್ಪತ್ತೆರಡು ಅಡಿಗಿಂತ ಉದ್ದ. ನಮ್ಮ ಹಜಾರ ಹದಿನಾಲ್ಕು ಅಡಿ. ಇಂಥ ಅಲೆ ಗೋಡೆಗೆ ಬಡಿದು ಮರಳಿ, ಕೋಣೆಯ ಒಂದೆಡೆ ಗುಡ್ಡೆಯಾಗುತ್ತದೆ, ಇನ್ನೊಂದೆಡೆ ಬತ್ತಿಹೋಗುತ್ತದೆ. ಇದಕ್ಕೊಂದು ಸುಲಭೋಪಾಯವಿದೆ. ಪೆಟ್ಟಿಗೆಯನ್ನು ನಾವು ಕೂರುವ ಕುರ್ಚಿಯ ಜಾಗದಲ್ಲಿಟ್ಟು, ನಾವು ಗೋಡೆಯಂಚಿನಲ್ಲಿ ತೆವಳುತ್ತ ಹೋಗಿ, ಖರ್ಜ ಎಲ್ಲಿ ಹದವಾಗಿ ಕೇಳುವುದೋ ಅಲ್ಲಿ ಪೆಟ್ಟಿಗೆಯನ್ನಿಡುವುದು. ಕಾಲೇಜಿನ ಕನ್ನಡ ಅಧ್ಯಾಪಕನೊಬ್ಬ ಪಂಚೆ ಎತ್ತಿಕಟ್ಟಿಕೊಂಡು ಅಂಬೆಗಾಲಿಡುವುದನ್ನು ಕಂಡು ನನ್ನ ಮಗಳು ಅಡುಗೆಮನೆಯಿಂದ ತಾಯಿಯನ್ನೂ ಕರೆದಳು. ಜಾಗ ಸಿಕ್ಕಿತು—ಊಟದ ಮೇಜಿನ ಪಕ್ಕದ ಮೂಲೆ. ಆ ರಾತ್ರಿ ತಂಬೂರಿಯ ಖರ್ಜ, ಆ 69, ಮೊದಲ ಸಲ ನಮ್ಮ ಮನೆಯ ನೆಲದ ಮೇಲೆ ಬಂದು ಕುಳಿತಿತು.

ತಂದೆಯವರು ಪೂರ್ತಿ ಕೇಳಿ, "ಮೃದಂಗ ಬಹಳ ಚೆನ್ನಾಗಿ ಬಂತು ಕಣೋ. ಸಾಹಿತ್ಯ ಮಾತ್ರ ಹಾಗೇ ಇದೆ" ಎಂದರು. ಆಮೇಲೆ ನನಗೆ ಬೇಸರವಾದೀತೆಂದು, "ಇರಲಿ ಬಿಡು, ಇಷ್ಟು ಸಾಕು" ಎಂದು ಸೇರಿಸಿದರು. ಆ "ಇಷ್ಟು ಸಾಕು" ನನ್ನನ್ನು ಚುಚ್ಚಿತು. ಎರಡು ಮೂರು ವರ್ಷಗಳಿಂದ ಅವರು ಊಟದ ಹೊತ್ತಿನ ನಮ್ಮ ಮಾತಿನಲ್ಲಿ ಸೇರದೆ, ಬೇಗ ಎದ್ದು ಸ್ಟೀರಿಯೋದ ಬಳಿಗೆ ಹೋಗುತ್ತಿದ್ದುದನ್ನು ನಾನು ಸಂಗೀತದ ಪ್ರೀತಿ ಎಂದುಕೊಂಡಿದ್ದೆ. ಹೆಂಡತಿಯ ಮಾತು ಆಗ ನೆನಪಾಯಿತು.

ವಿಲ್ಚರ್ ಅವರ ಚರಿತ್ರೆಯನ್ನು ನಾನು ಅರ್ಧಕ್ಕೇ ಬಿಟ್ಟಿದ್ದೆ. ಉಳಿದರ್ಧವನ್ನು ಆಗ ಓದಿದೆ. 1967ರಲ್ಲಿ ಅವರು ತಮ್ಮ ಸಂಸ್ಥೆಯನ್ನು ಮಾರಿ, ತಮ್ಮ ಮನೆಯಿದ್ದ ವುಡ್‌ಸ್ಟಾಕ್ ಎಂಬ ಊರಿನಲ್ಲಿ ಕಿವಿ ಮಂದವಾದವರ ತೊಂದರೆಯನ್ನು ಅಭ್ಯಾಸ ಮಾಡತೊಡಗಿದರು. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಮೇಲಿನ ಕಂಪನಗಳು. ಸ್ವರಾಕ್ಷರಗಳ ಬಲವೆಲ್ಲ ಕೆಳಗಿರುವುದರಿಂದ ಅವು ಕೇಳಿಸುತ್ತವೆ. ಸಕಾರ, ಶಕಾರ, ತಕಾರಗಳಂಥ ವ್ಯಂಜನಗಳು ಜಾರಿಹೋಗುತ್ತವೆ. ಧ್ವನಿ ಬರುತ್ತದೆ, ಸಾಹಿತ್ಯ ಬರುವುದಿಲ್ಲ! ಜೊತೆಗೆ ಅಂಥ ಕಿವಿಗೆ ಮೆಲ್ಲಗಿನದು ಕೇಳಿಸದು, ಜೋರಾದದ್ದು ಮಾತ್ರ ಎಲ್ಲರಿಗೂ ಕೇಳಿಸುವಷ್ಟೇ ಕರ್ಕಶವಾಗಿ ಕೇಳಿಸುತ್ತದೆ. ನಡುವಿನ ಅವಕಾಶ ಕಿರಿದು. ತಂದೆಯವರು ಗುಂಡಿಯನ್ನು ಬಲಕ್ಕೂ ಎಡಕ್ಕೂ ತಿರುಗಿಸುತ್ತಿದ್ದುದರ ಗುಟ್ಟು ಇದೇ. ಎಲ್ಲವನ್ನೂ ಒಂದೇ ಅಳತೆಯಲ್ಲಿ ಹಿಗ್ಗಿಸಿದರೆ ಪ್ರಯೋಜನವಿಲ್ಲ. ಮೇಲಿನ ನಾದ, ಕೆಳಗಿನ ನಾದ ಎಂದು ಪಾಲು ಮಾಡಿ, ಒಂದೊಂದು ಪಾಲಿನಲ್ಲೂ ಮೆಲ್ಲನೆಯದನ್ನು ಹೆಚ್ಚು, ಜೋರಾದುದನ್ನು ಕಡಿಮೆ ಹಿಗ್ಗಿಸಬೇಕು ಎಂದು ವಿಲ್ಚರ್ ತೋರಿಸಿದರು. 1973ರಲ್ಲಿ ತಮ್ಮ ಪ್ರಯೋಗದ ಫಲವನ್ನು ಪ್ರಕಟಿಸಿದರು. ಅದಕ್ಕೆ ಪೇಟೆಂಟು ಪಡೆಯಲಿಲ್ಲ, ಬೇಕಾದವರು ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಇಂದಿನ ಶ್ರವಣಸಾಧನಗಳು ನಡೆಯುತ್ತಿರುವುದು ಆ ದಾರಿಯಲ್ಲೇ. ವಿಲ್ಚರ್ 2011ರಲ್ಲಿ ತೀರಿಕೊಂಡರು.

1960ರ ದಶಕದಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ನಮ್ಮ ಮೈಸೂರಿನಲ್ಲಿಯೇ. ಅದರ ಮುಂದಿನ ರಸ್ತೆಯಲ್ಲಿ ನಾನು ಎಷ್ಟು ಸಾವಿರ ಸಲ ಓಡಾಡಿದ್ದೇನೋ! ತಂದೆಯವರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿದವರು ಕೊಟ್ಟ ನಕ್ಷೆಯಲ್ಲಿ ಗೆರೆ ಎಡದಿಂದ ಬಲಕ್ಕೆ ಬೆಟ್ಟ ಇಳಿದಂತೆ ಇಳಿದಿತ್ತು. ಎತ್ತಿಟ್ಟ ಹಣದಲ್ಲಿ ಉಳಿದಿದ್ದ 14,500 ರೂಪಾಯಿಗಳಿಗೆ ಇನ್ನಷ್ಟು ಸೇರಿಸಿ ಶ್ರವಣಸಾಧನ ಕೊಂಡೆವು.

ಮೊದಲ ವಾರ ಅವರಿಗೆ ಎಲ್ಲವೂ ಗದ್ದಲವಾಗಿತ್ತು. "ನಿಮ್ಮ ಮನೇಲಿ ಇಷ್ಟು ಪಾತ್ರೆ ಇದೆಯೇನಮ್ಮ?" ಎಂದು ಸೊಸೆಯನ್ನು ಕೇಳಿದರು. ಸಂಗೀತಕ್ಕೆ ಆ ಸಾಧನ ಹದಗೊಳ್ಳಲು ಮತ್ತೆ ಎರಡು ಸಲ ಹೋಗಬೇಕಾಯಿತು. ಕಳೆದ ಭಾನುವಾರ ಸಂಜೆ ದೇವರನಾಮ ಹಾಕಿದ್ದೆವು. ಗುಂಡಿ ನಡುವಿನಲ್ಲಿಯೇ ಇತ್ತು. ನಾನು ಕಣ್ಣುಮುಚ್ಚಿ, 5,500 ರೂಪಾಯಿಯ ಖರ್ಜದಲ್ಲಿ ಮುಳುಗಿದ್ದೆ. ಎಂಬತ್ತೈದು ದಾಟಿದ ಹಳೆಯ ಮೇಷ್ಟರು ಆರಾಮಕುರ್ಚಿಯಲ್ಲಿ ನೆಟ್ಟಗೆ ಕುಳಿತು ಬೆರಳೆತ್ತಿದರು.

"ನಿಲ್ಲಿಸು, ನಿಲ್ಲಿಸು. ಇವರು ಶಕಾರಕ್ಕೆ ಸಕಾರ ಹಾಡ್ತಾ ಇದಾರಲ್ಲೋ! ಇಷ್ಟು ವರ್ಷ ನೀನು ಇದನ್ನೇ ಕೇಳ್ತಾ ಇದ್ದೆಯಾ? ಕನ್ನಡ ಮೇಷ್ಟ್ರು ಬೇರೆ!"